ಮುದ್ದೆ, ಬಸ್ಸಾರಿನ ಲೆಕ್ಕ ಯಾವ ಆ್ಯಪ್‌ಗೆ ಬರುತ್ತದೆ?

ತೂಕ ಇಳಿಸುವ ಆ್ಯಪ್‌ಗಳಿಗೆ ಪ್ಲೇ ಸ್ಟೋರಿನಲ್ಲಿ ಬರವಿಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಮನೆಯೂಟ ಉಣ್ಣುವವರು ಅವುಗಳನ್ನು ಒಂದೇ ಪರೀಕ್ಷೆಯಿಂದ ಅಳೆಯಬಹುದು: ನಮ್ಮ ಮನೆಯ ಮುದ್ದೆ, ನಮ್ಮ ಮನೆಯ ಸಾರನ್ನು ನಾವೇ ತೂಗಿ ಅದರೊಳಗೆ ಸೇರಿಸಲು ಬರುತ್ತದೆಯೇ? ಬಾರದಿದ್ದರೆ ಉಳಿದ ಸೌಲಭ್ಯ ಎಷ್ಟಿದ್ದರೂ ಲೆಕ್ಕ ತಪ್ಪುತ್ತದೆ. ಇಲ್ಲಿ ನೋಡುತ್ತಿರುವುದು ನಾಲ್ಕು ಆ್ಯಪ್: ಹೆಲ್ತಿಫೈ (ಮೊದಲ ಹೆಸರು ಹೆಲ್ತಿಫೈಮಿ), ಮೈಫಿಟ್‌ನೆಸ್‌ಪಾಲ್, ಕ್ರೋನೋಮೀಟರ್ ಮತ್ತು ಫ್ಯಾಟ್‌ಸೀಕ್ರೆಟ್.

ಮೊದಲು ಮುದ್ದೆ. ಹುಡುಕಿದರೆ ‘ರಾಗಿ ಬಾಲ್’, ‘ಮುದ್ದೆ’, ‘ಸಂಗಟಿ’ ಎಂದು ಬೇರೆ ಬೇರೆ ಹೆಸರಲ್ಲಿ ಸಿಗುತ್ತದೆ, ಒಂದೊಂದಕ್ಕೂ ಒಂದೊಂದು ಅಂಕಿ. ಅಳತೆ ಮಾತ್ರ ‘1 ಉಂಡೆ’ ಎಂದಿರುತ್ತದೆ. ಉಂಡೆ 200 ಗ್ರಾಂ ಇರಬಹುದು, 400 ಗ್ರಾಂ ಕೂಡ ಇರಬಹುದು. ಹಾಗಾಗಿ ಹಿಟ್ಟಿನಿಂದಲೇ ಶುರು ಮಾಡಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರ ಸಂಯೋಜನೆ ಪಟ್ಟಿಯಲ್ಲಿ 528 ಪದಾರ್ಥಗಳಿವೆ. ಅದರ ಪ್ರಕಾರ 100 ಗ್ರಾಂ ರಾಗಿಯಲ್ಲಿ 1342 ಕಿಲೋಜೌಲ್ ಶಕ್ತಿ, 7.16 ಗ್ರಾಂ ಪ್ರೋಟೀನ್, 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆ ಪಟ್ಟಿ ಶಕ್ತಿಯನ್ನು ಕ್ಯಾಲೊರಿಯಲ್ಲಿ ಕೊಡುವುದಿಲ್ಲ, ಕಿಲೋಜೌಲ್‌ನಲ್ಲಿ ಕೊಡುತ್ತದೆ. 4.184ರಿಂದ ಭಾಗಿಸಿದರೆ ಸುಮಾರು 321 ಕಿಲೋಕ್ಯಾಲೊರಿ, ಆ್ಯಪ್‌ಗಳು ಬರೀ ‘ಕ್ಯಾಲೊರಿ’ ಎನ್ನುವುದು ಇದನ್ನೇ. ಭಾಗಿಸದೆ ಹಾಗೇ 1342 ಎಂದು ತುಂಬಿಬಿಟ್ಟರೆ ಒಂದು ಹೊತ್ತಿನ ಮುದ್ದೆಯಲ್ಲೇ ದಿನದ ಗುರಿ ಮುಗಿದುಹೋಗುತ್ತದೆ.

ನಾಲ್ಕು ಜನಕ್ಕೆ 400 ಗ್ರಾಂ ಹಿಟ್ಟು ಹಾಕಿ ತಿರುವಿದ ಮುದ್ದೆ ಒಟ್ಟು 1200 ಗ್ರಾಂ ಬಂತೆನ್ನಿ. ಒಟ್ಟು ಶಕ್ತಿ 1284 ಕ್ಯಾಲೊರಿ, ಅಂದರೆ ಬೆಂದ ಮುದ್ದೆಯ 100 ಗ್ರಾಂಗೆ 107. ತಟ್ಟೆಗೆ ಬಂದ ಉಂಡೆ 250 ಗ್ರಾಂ ಇದ್ದರೆ 268 ಆಯಿತು. ಅಕ್ಕಿ ನುಚ್ಚು ಸೇರಿಸಿ ತಿರುವುವ ಮನೆಯಾದರೆ ನುಚ್ಚಿನ ಹಸಿ ತೂಕವನ್ನೂ ಕೂಡಿಸಬೇಕು. ನೀರಿಗೆ ಕ್ಯಾಲೊರಿ ಇಲ್ಲ, ಆದರೆ ತೂಕ ಇದೆ. ಗಟ್ಟಿ ಮುದ್ದೆಗೂ ಮೆತ್ತನೆಯ ಮುದ್ದೆಗೂ ಗ್ರಾಂ ಲೆಕ್ಕದಲ್ಲಿ ವ್ಯತ್ಯಾಸ ಬರುವುದು ಇದರಿಂದಲೇ.

ಈ ಕೆಲಸಕ್ಕೆ ಹೆಚ್ಚು ಒಗ್ಗುವುದು ಕ್ರೋನೋಮೀಟರ್. ಕೆನಡಾದ ಆ್ಯಪ್, ಉಚಿತ ಆವೃತ್ತಿಯಲ್ಲಿ ಜಾಹೀರಾತು ಬರುತ್ತದೆ. ಆದರೆ ಪ್ರತಿ ಪದಾರ್ಥದ ಅಂಕಿ ಎಲ್ಲಿಂದ ಬಂತೆಂದು ಅದು ತೋರಿಸುತ್ತದೆ, ಕ್ಯಾಲ್ಸಿಯಂ, ಕಬ್ಬಿಣ, ಬಿ12 ಇವನ್ನೆಲ್ಲ ಎಣಿಸುತ್ತದೆ. ‘ಕಸ್ಟಮ್ ಫುಡ್’ನಲ್ಲಿ ರಾಗಿಯ ಅಂಕಿ ಒಮ್ಮೆ ತುಂಬಿಡಿ. ಆಮೇಲೆ ‘ಕಸ್ಟಮ್ ರೆಸಿಪಿ’ ತೆರೆದು ಹಸಿ ಪದಾರ್ಥಗಳನ್ನು ಸೇರಿಸಿ, ಬೆಂದ ಮೇಲಿನ ಒಟ್ಟು ತೂಕ ಕೊಡಿ. ಮರುದಿನದಿಂದ ಗ್ರಾಂ ಹಾಕಿದರೆ ಸಾಕು. ಇದರ ಕೊರತೆ ಎಂದರೆ ನಮ್ಮ ಅಡುಗೆಗಳು ತಯಾರಾಗಿ ಸಿಗುವುದು ಕಡಿಮೆ. ಮೊದಲ ವಾರ ಕೂತು ತುಂಬುವ ತಾಳ್ಮೆ ಬೇಕು. ಆ ತಾಳ್ಮೆಗೆ ತಕ್ಕ ಫಲ ಸಿಗುತ್ತದೆ, ಯಾಕೆಂದರೆ ಒಂದು ಮನೆಯಲ್ಲಿ ತಿರುಗಿ ತಿರುಗಿ ಮಾಡುವ ಅಡುಗೆ ಹದಿನೈದು-ಇಪ್ಪತ್ತಕ್ಕಿಂತ ಹೆಚ್ಚಿರುವುದಿಲ್ಲ.

ಮೈಫಿಟ್‌ನೆಸ್‌ಪಾಲ್‌ನ ಪಟ್ಟಿ ಬಹಳ ದೊಡ್ಡದು. ಆದರೆ ಅದರಲ್ಲಿ ಹೆಚ್ಚಿನದು ಬಳಕೆದಾರರೇ ತುಂಬಿದ್ದು, ಹಾಗಾಗಿ ಒಂದೇ ಚಿತ್ರಾನ್ನಕ್ಕೆ ಹತ್ತು ಬಗೆಯ ಅಂಕಿ. ಹಸಿರು ಗುರುತು ಇರುವುದನ್ನೇ ಆರಿಸಿ, ಆಮೇಲೂ ಒಮ್ಮೆ ಕಣ್ಣಾಡಿಸಿ. ಇದರಲ್ಲಿ ಮನೆಯಡುಗೆಗೆ ಒಂದು ಉಪಾಯವಿದೆ: ರೆಸಿಪಿಯಲ್ಲಿ ‘ಸರ್ವಿಂಗ್’ ಸಂಖ್ಯೆ ಕೇಳುವಾಗ ಬೆಂದ ಅಡುಗೆಯ ಒಟ್ಟು ಗ್ರಾಂ ಬರೆಯಿರಿ. ಮೇಲಿನ ಮುದ್ದೆಗೆ 1200. ಆಗ ಒಂದು ಸರ್ವಿಂಗ್ ಎಂದರೆ 1 ಗ್ರಾಂ, 250 ಗ್ರಾಂ ಉಂಡರೆ 250 ಸರ್ವಿಂಗ್. ಬಾರ್‌ಕೋಡ್ ಸ್ಕ್ಯಾನ್ ಇದರಲ್ಲಿ 2022ರ ಅಕ್ಟೋಬರಿನಿಂದ ಹಣ ಕಟ್ಟಿದವರಿಗೆ ಮಾತ್ರ. ಕ್ರೋನೋಮೀಟರ್, ಫ್ಯಾಟ್‌ಸೀಕ್ರೆಟ್ ಎರಡರಲ್ಲೂ ಅದು ಉಚಿತ. 2018ರಲ್ಲಿ ಮೈಫಿಟ್‌ನೆಸ್‌ಪಾಲ್‌ನ ಸುಮಾರು 15 ಕೋಟಿ ಖಾತೆಗಳ ಮಾಹಿತಿ ಸೋರಿತ್ತು. ಇಂಥ ಯಾವ ಆ್ಯಪ್‌ಗೂ ಇಮೇಲ್‌ನ ಪಾಸ್‌ವರ್ಡನ್ನೇ ಕೊಡಬೇಡಿ.

ಹೆಲ್ತಿಫೈ ನಮ್ಮ ಬೆಂಗಳೂರಿನದೇ, 2012ರದ್ದು. ಭಾರತದ ಅಡುಗೆಗಳ ಹೆಸರು ಸಿಗುವುದರಲ್ಲಿ ಇದು ಮುಂದು. ಆಗಾಗ ಹೊರಗೆ ಉಣ್ಣುವವರಿಗೆ, ತೂಗುವ ವ್ಯವಧಾನ ಇಲ್ಲದವರಿಗೆ ಇದೇ ಸರಿ. ತೊಡಕು ಬರುವುದು ‘ಕಟೋರಿ’ ಅಳತೆಯಲ್ಲಿ. ನಿಮ್ಮ ಮನೆಯ ಬಟ್ಟಲಿಗೆ ಒಮ್ಮೆ ನೀರು ತುಂಬಿ ತೂಗಿ ನೋಡಿ. 150 ಗ್ರಾಂ ಹಿಡಿಯುವ ಬಟ್ಟಲೂ ಇದೆ, 250 ಹಿಡಿಯುವುದೂ ಇದೆ. ಫೋಟೋ ತೆಗೆದರೆ ಊಟ ಗುರುತಿಸುವ ಸೌಲಭ್ಯ ದೋಸೆ, ಚಪಾತಿಗೆ ನಡೆಯಬಹುದು. ಸಾರಿನಲ್ಲಿ ಮುಳುಗಿದ ಮುದ್ದೆ ಎಷ್ಟು ದಪ್ಪ, ರುಬ್ಬಿದ್ದರಲ್ಲಿ ಕಾಯಿ ಎಷ್ಟು, ಒಗ್ಗರಣೆಗೆ ಎಣ್ಣೆ ಎಷ್ಟು ಬಿತ್ತು ಅನ್ನುವುದು ಕ್ಯಾಮೆರಾಕ್ಕೆ ಕಾಣುವುದಿಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯನ್ನು ‘ಇಡ್ಲಿ 1’ ಎಂದು ಬರೆದರೂ ಇದೇ ಮೋಸ: ಅದು ಸಾಧಾರಣ ಇಡ್ಲಿಯ ಎರಡು-ಮೂರು ಪಟ್ಟು ತೂಗುತ್ತದೆ, ಮೇಲಿನ ಬೆಣ್ಣೆ 10 ಗ್ರಾಂ ಇದ್ದರೆ ಅದೇ 70ಕ್ಕೂ ಹೆಚ್ಚು.

ಫ್ಯಾಟ್‌ಸೀಕ್ರೆಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಊಟದ ಡೈರಿ ಬರೆಯುವುದು ಉಚಿತ, ಬಳಸಲು ಸರಳ. ಪಟ್ಟಿಯ ನಂಬಿಕೆ ಮೈಫಿಟ್‌ನೆಸ್‌ಪಾಲ್‌ನಷ್ಟೇ.

ಬಸ್ಸಾರು ಮಾತ್ರ ಯಾವ ಆ್ಯಪ್‌ನ ತಯಾರು ಪಟ್ಟಿಗೂ ದಕ್ಕುವ ಅಡುಗೆಯಲ್ಲ. ಕಾಳು-ಸೊಪ್ಪು ಬೇಯಿಸಿ ಬಸಿದ ಮೇಲೆ ಕಟ್ಟು ಸಾರಿಗೆ ಹೋಗುತ್ತದೆ, ಕಾಳು-ಸೊಪ್ಪು ಪಲ್ಯಕ್ಕೆ. ಕ್ಯಾಲೊರಿಯ ಬಹುಪಾಲು ಪಲ್ಯದಲ್ಲಿ ಉಳಿಯುತ್ತದೆ. ಎರಡನ್ನೂ ಒಂದೇ ರೆಸಿಪಿ ಮಾಡಿದರೆ ಸಾರು ಹೆಚ್ಚು ಉಂಡವರಿಗೆ ಲೆಕ್ಕ ಏರುತ್ತದೆ, ಪಲ್ಯ ಹೆಚ್ಚು ಹಾಕಿಕೊಂಡವರಿಗೆ ಇಳಿಯುತ್ತದೆ. ಎರಡು ರೆಸಿಪಿ ಮಾಡಿ. 150 ಗ್ರಾಂ ಒಣ ಹೆಸರುಕಾಳಿನಲ್ಲಿ 30 ಗ್ರಾಂನಷ್ಟು ರುಬ್ಬಲು ಹೋದರೆ ಅದು ಸಾರಿನ ಪಾಲು, ಜೊತೆಗೆ 25 ಗ್ರಾಂ ಕಾಯಿ, ಒಂದೂವರೆ ಟೀ ಚಮಚ ಎಣ್ಣೆ, ಈರುಳ್ಳಿ, ಬೆಳ್ಳುಳ್ಳಿ: ಹೆಚ್ಚುಕಡಿಮೆ 300. ಸಾರು 1200 ಗ್ರಾಂ ಆದರೆ 100 ಗ್ರಾಂಗೆ 25. ಪಲ್ಯದಲ್ಲಿ ಉಳಿದ 120 ಗ್ರಾಂ ಕಾಳು, 300 ಗ್ರಾಂ ಸೊಪ್ಪು, ಸಾರಿಗೆ ಹಾಕಿದಷ್ಟೇ ಕಾಯಿ, ಅಷ್ಟೇ ಎಣ್ಣೆ: 650ರ ಆಸುಪಾಸು. ಅದು 700 ಗ್ರಾಂ ತೂಗಿದರೆ 100 ಗ್ರಾಂಗೆ 93. ಕಟ್ಟಿನಲ್ಲಿ ಕರಗಿಹೋಗುವ ಸ್ವಲ್ಪ ಪಿಷ್ಟದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅವರೆಕಾಯಿ ಕಾಲದಲ್ಲಿ ಹಸಿ ಅವರೆಕಾಳು ಹಾಕಿದಾಗ ಆ್ಯಪ್‌ನಲ್ಲಿ ಒಣಕಾಳಿನ ಅಂಕಿ ಆರಿಸಬೇಡಿ, ಹಸಿಕಾಳಿನಲ್ಲಿ ನೀರೇ ಹೆಚ್ಚು.

ಇದಕ್ಕೆಲ್ಲ ಬೇಕಾದ ಸಾಮಾನು 1 ಗ್ರಾಂ ತೋರಿಸುವ, 5 ಕೆಜಿ ತಡೆಯುವ ಅಡುಗೆಮನೆ ತಕ್ಕಡಿ. ಪಾತ್ರೆಗಳ ಖಾಲಿ ತೂಕವನ್ನು ಮೊದಲೇ ತೂಗಿ, ತಳಕ್ಕೆ ಮಾರ್ಕರ್‌ನಲ್ಲಿ ಬರೆದಿಡಿ. ಬಿಸಿ ಪಾತ್ರೆ ಖಾಲಿ ಮಾಡಿ ತೂಗುವ ಪಾಡು ತಪ್ಪುತ್ತದೆ. ಎಣ್ಣೆಗೆ ಬಾಟಲಿಯನ್ನೇ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಸುರಿದ ಮೇಲೆ ಮತ್ತೆ ಇಡಿ. ಕಡಿಮೆಯಾದ ಪ್ರತಿ ಗ್ರಾಂಗೆ 9. ತಿಪಟೂರು ಸೀಮೆಯವರು ಇನ್ನೊಂದನ್ನು ನೋಡಿಕೊಳ್ಳಬೇಕು: ‘ಕೊಕೊನಟ್’ ಎಂದು ಹುಡುಕಿದರೆ ಹಸಿ ಕಾಯಿಯೂ ಒಣ ಕೊಬ್ಬರಿಯೂ ಒಟ್ಟಿಗೆ ಬರುತ್ತವೆ. ಹಸಿ ಕಾಯಿ 100 ಗ್ರಾಂಗೆ 350ರಿಂದ 450, ಕೊಬ್ಬರಿ 660ರ ಸುತ್ತಮುತ್ತ.

ದಿನದ ಗುರಿಯನ್ನು ಆ್ಯಪ್ ಹೇಳಿದಂತೆಯೇ ಒಪ್ಪಬೇಡಿ. ಹೆಚ್ಚು ಬಳಕೆಯ ಮಿಫ್ಲಿನ್ ಸೂತ್ರದಲ್ಲಿ 40 ವರ್ಷದ, 155 ಸೆಂಮೀ ಎತ್ತರದ, 68 ಕೆಜಿಯ ಹೆಂಗಸಿಗೆ ಸುಮ್ಮನಿದ್ದರೂ ಬೇಕಾದ ಶಕ್ತಿ 1288. ಕೂತು ಕೆಲಸ ಎಂದು ಆರಿಸಿದರೆ ಅದಕ್ಕೆ 1.2 ಗುಣಿಸಿ 1545, ಸ್ವಲ್ಪ ಓಡಾಟ ಎಂದರೆ 1.375 ಗುಣಿಸಿ 1771. ಒಂದು ಬಟನ್‌ಗೆ 226 ಕ್ಯಾಲೊರಿ ವ್ಯತ್ಯಾಸ. ಅಂಗಡಿ, ಕಚೇರಿ, ಹೊಲಿಗೆ ಕೆಲಸದವರು ಕಡಿಮೆಯದನ್ನೇ ಹಿಡಿಯಿರಿ. ಮೈಫಿಟ್‌ನೆಸ್‌ಪಾಲ್ ನಡಿಗೆಯ ಕ್ಯಾಲೊರಿಯನ್ನು ಮತ್ತೆ ಊಟಕ್ಕೆ ಕೂಡಿಸಿ ತೋರಿಸುತ್ತದೆ. ಅದನ್ನು ಪೂರ್ತಿ ತಿಂದು ಮುಗಿಸಿದರೆ ಉಳಿತಾಯ ಕರಗಿಹೋಗುತ್ತದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ಬಸುರಿ-ಬಾಣಂತಿಯರು ಡಾಕ್ಟರನ್ನು ಕೇಳದೆ ಊಟ ಕಡಿಮೆ ಮಾಡಬಾರದು. ಊಟ ತಗ್ಗಿಸಿ ಮಾತ್ರೆ ಅಷ್ಟೇ ನುಂಗಿದರೆ ಸಕ್ಕರೆ ಏಕಾಏಕಿ ಇಳಿಯಬಹುದು.

ಹಣ ಕಟ್ಟುವುದಾದರೆ ಒಂದು ತಿಂಗಳಿಗೆ ಮಾತ್ರ ಕಟ್ಟಿ ನೋಡಿ. ಆ್ಯಪ್ ಅಳಿಸಿದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರಿನಲ್ಲಿ ನಿಮ್ಮ ಫೋಟೋ ಒತ್ತಿ, ‘ಪೇಮೆಂಟ್ಸ್ ಅಂಡ್ ಸಬ್‌ಸ್ಕ್ರಿಪ್ಷನ್ಸ್’ಗೆ ಹೋಗಿ ರದ್ದು ಮಾಡಿ. ಯುಪಿಐ ಮೂಲಕ ಕಟ್ಟಿದ್ದರೆ ಆಟೋಪೇ ಪಟ್ಟಿಯನ್ನೂ ನೋಡಿ.

ತೂಕವನ್ನು ಬೆಳಿಗ್ಗೆ, ಶೌಚ ಮುಗಿಸಿ, ಏನೂ ತಿನ್ನುವ ಮೊದಲು ನೋಡಿ. ಉಪ್ಪು, ನೀರಿನ ಏರಿಳಿತಕ್ಕೆ ಒಂದು ಕೆಜಿ ಆಚೀಚೆ ಆಗುವುದು ಸಹಜ, ಆದ್ದರಿಂದ ವಾರದ ಸರಾಸರಿಯನ್ನೇ ವಾರದ ಸರಾಸರಿಗೆ ಹೋಲಿಸಿ. ಮೂರು ವಾರವಾದರೂ ಸರಾಸರಿ ಕದಲದಿದ್ದರೆ ಮುದ್ದೆ ಕಡಿಮೆ ಮಾಡುವ ಮುನ್ನ ಎಣ್ಣೆ, ಕಾಯಿ, ಕಡಲೆಕಾಯಿ ಬೀಜ, ಕಾಫಿ ಈ ನಾಲ್ಕನ್ನು ಮತ್ತೆ ತೂಗಿ. 75 ಮಿಲಿ ಟೋನ್ಡ್ ಹಾಲು, ಎರಡು ಚಮಚ ಸಕ್ಕರೆಯ ಒಂದು ಲೋಟ ಕಾಫಿಗೆ ಸುಮಾರು 76. ದಿನಕ್ಕೆ ನಾಲ್ಕು ಲೋಟ ಕುಡಿದು ಬರೆಯದೆ ಬಿಟ್ಟರೆ ಅಲ್ಲಿಗೇ ಒಂದು ದೊಡ್ಡ ಮುದ್ದೆಯಷ್ಟು ಲೆಕ್ಕ ತಪ್ಪಿರುತ್ತದೆ.