ಟ್ಯಾಂಕರ್ ಪಿನ್ನು: ದಪ್ಪ ಮಾಡಿದ್ದು, ಇದ್ದಿಲಲ್ಲಿ ಕಾಯಿಸಿದ್ದು, ಹದ ಕೊಟ್ಟಿದ್ದು

ಏಪ್ರಿಲ್ ಬಂತೆಂದರೆ ನಮ್ಮ ಹೊಲದ ಬೋರು ಕೈಕೊಡುತ್ತದೆ. ಕಲಬುರಗಿ ಬಿಸಿಲು ಗೊತ್ತಲ್ಲ, 42 ಡಿಗ್ರಿ. ಆಗ ಸಣ್ಣ ಟ್ರ್ಯಾಕ್ಟರಿಗೆ ಸಾವಿರ ಲೀಟರಿನ ಟ್ಯಾಂಕರ್ ಸಿಕ್ಕಿಸಿಕೊಂಡು ನೀರು ತರುವುದೇ ಕೆಲಸ. ಸಿಕ್ಕಿಸುವ ಪ್ಲೇಟು, ಪಿನ್ನು ಎಲ್ಲ ನಾನೇ ಮಾಡಿದ್ದು. ನೀರೇ ಒಂದು ಟನ್. ಟ್ಯಾಂಕ್ ಅರ್ಧ ಖಾಲಿಯಾದರೆ ಇನ್ನೂ ತೊಂದರೆ. ಒಳಗೆ ನೀರು ಹಿಂದೆ ಮುಂದೆ ಹೊಯ್ದಾಡಿ ಪಿನ್ನಿಗೆ ಗುದ್ದುತ್ತದೆ. ನನ್ನ 25 ಎಂಎಂ ದಪ್ಪದ ಮೈಲ್ಡ್ ಸ್ಟೀಲ್ (ಮಾಮೂಲಿ ಮೆತ್ತನೆ ಉಕ್ಕು) ಪಿನ್ನು ಎರಡೇ ತಿಂಗಳಲ್ಲಿ ಕುಡುಗೋಲಿನ ಹಾಗೆ ಬಾಗಿತು.

ಮೊದಲು ನನ್ನ ದಡ್ಡತನ ಹೇಳಿಬಿಡುತ್ತೇನೆ. ಅದೇ ಪಿನ್ನನ್ನು ಬಡಿದು ನೆಟ್ಟಗೆ ಮಾಡಿ, ಗಟ್ಟಿಯಾಗಲಿ ಅಂತ ಕೆಂಪಗೆ ಕಾಯಿಸಿ ನೀರಲ್ಲಿ ಅದ್ದಿದೆ. ಚುರ್ ಅಂತ ಸದ್ದು ಬಂತು, ಅಷ್ಟೇ. ಅರ ಹಾಕಿದರೆ ಮೊದಲಿನ ಹಾಗೇ ಪುಡಿ ಉದುರಿತು. ಮೈಲ್ಡ್ ಸ್ಟೀಲಿನಲ್ಲಿ ಕಾರ್ಬನ್ ಶೇಕಡಾ 0.2ರ ಆಸುಪಾಸು. ಅಷ್ಟಕ್ಕೆ ಅದು ಹೇಳಿಕೊಳ್ಳುವಷ್ಟು ಗಟ್ಟಿಯಾಗುವುದಿಲ್ಲ.

ಹಾಗಾದರೆ ಕಾರ್ಬನ್ ತುಂಬಿಸೋಣ ಅಂತ ಇನ್ನೊಂದು ಮೈಲ್ಡ್ ಸ್ಟೀಲ್ ಪಿನ್ನನ್ನು ಪೈಪಿನೊಳಗೆ ಇಟ್ಟು, ಸುತ್ತ ಇದ್ದಿಲ ಪುಡಿ ತುರುಕಿ, ಎರಡೂ ಬಾಯಿಗೆ ಮಣ್ಣು ಮೆತ್ತಿ ಕುಲುಮೆಯಲ್ಲಿ ಐದು ತಾಸು ಕಾಯಿಸಿದೆ. ತೆಗೆದು ನೀರಿಗೆ ಹಾಕಿದ ಮೇಲೆ ಅರ ಗಾಜಿನ ಮೇಲೆ ಜಾರಿದ ಹಾಗೆ ಜಾರಿತು. ನನಗೋ ಭಾರಿ ಖುಷಿ. ಆದರೆ ಗಟ್ಟಿಯಾಗಿದ್ದು ಒಂದು ಎಂಎಂ ಕೂಡ ಇಲ್ಲದ ತೊಗಲು ಮಾತ್ರ. ಒಳಗೆ ಅದೇ ಮೆತ್ತನೆ ಕಬ್ಬಿಣ. ಮೂರನೇ ವಾರಕ್ಕೆ ಸ್ವಲ್ಪ ಬಾಗಿತ್ತು. ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಸೀಮೆಸುಣ್ಣ ತಿಕ್ಕಿದೆ. ಬಾಗಿದ ಕಡೆ ಕೂದಲಿನಂಥ ಅಡ್ಡ ಗೆರೆಗಳು ಒಂದೊಂದಾಗಿ ಒದ್ದೆಯಾಗಿ ಮೂಡಿದವು. ಎಲ್ಲ ಬಿರುಕು! ಸವೆತಕ್ಕೆ ಈ ಉಪಾಯ ಒಳ್ಳೆಯದು, ಎಳೆತಕ್ಕಲ್ಲ.

ಕಪನೂರಿನ ಲೇತ್ ಅಂಗಡಿಯಲ್ಲಿ ಇಎನ್ 8 ಅನ್ನುವ ಉಕ್ಕಿನ ರಾಡು ಸಿಕ್ಕಿತು. ಇದರಲ್ಲಿ ಕಾರ್ಬನ್ ಶೇಕಡಾ 0.4ರಷ್ಟು. ಎರಡು ಪಿನ್ನು ಮಾಡಿಸಿದೆ. ಒಂದನ್ನು ಕಾಯಿಸಿ ನೀರಿಗೆ ಹಾಕಿ ಸುಮ್ನೆ ಬಿಟ್ಟೆ. ವೈಸಿನಲ್ಲಿ ಹಿಡಿಸಿ ದೊಡ್ಡ ಸುತ್ತಿಗೆಯಲ್ಲಿ ಹೊಡೆದರೆ ಮೂರನೇ ಏಟಿಗೆ ಕಟ್. ಮುರಿದ ಮುಖ ಸಕ್ಕರೆ ಹರಳಿನ ಹಾಗೆ ಮಿನುಗುತ್ತಿತ್ತು. ಕುಲುಮೆಯ ಕಾಕಾ ನಕ್ಕು, "ಗಟ್ಟಿ ಆದ್ರಷ್ಟ ಸಾಲಂಗಿಲ್ಲೋ ತಮ್ಮಾ, ಹದ ಕೊಡಬೇಕು" ಅಂದರು.

ಎರಡನೆಯದನ್ನು ಅವರೇ ಮಾಡಿದರು. ಅಯಸ್ಕಾಂತ ಹಿಡಿಯುವುದು ನಿಂತ ಮೇಲೂ ಒಂಚೂರು ಜಾಸ್ತಿ ಕಾಯಿಸಿ, ಎಣ್ಣೆಗೆ ಹಾಕಿದರು. ಆಮೇಲೆ ಹದ ಕೊಡಲು ಮತ್ತೆ ಕಾಯಿಸಿದ್ದು ಕತ್ತಲ ಮೂಲೆಯಲ್ಲಿ, ಕೆಂಪು ಕಂಡೂ ಕಾಣದ ಹಾಗೆ ಇರುವವರೆಗೆ ಮಾತ್ರ. ಅದೇ ಸುತ್ತಿಗೆ, ಅದೇ ಕೈ. ಈ ಸಲ ಪಿನ್ನು ತುಸು ಬಾಗಿತು, ಮುರಿಯಲಿಲ್ಲ. ಅದೇ ರೀತಿ ಇನ್ನೊಂದು ಮಾಡಿಸಿ ಹಾಕಿದೆ. ಒಂದು ಬೇಸಿಗೆ ಪೂರ್ತಿ ನೆಟ್ಟಗೇ ಇದೆ.

ಇನ್ನು ದಪ್ಪ ಮಾಡುವ ದಾರಿ. 25ರ ಬದಲು 32 ಎಂಎಂ ಹಾಕಿದರೆ ಬಾಗದೆ ತಡೆಯುವ ಶಕ್ತಿ ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತದೆ, ಅದೂ ಮಾಮೂಲಿ ಮೈಲ್ಡ್ ಸ್ಟೀಲಿನಲ್ಲೇ. ಕುಲುಮೆ ಬೇಡ, ಎಣ್ಣೆ ಬೇಡ. ಆದರೆ ತೂತು ದೊಡ್ಡದು ಮಾಡಬೇಕು, ಕಂಪನಿಯ ಡ್ರಾಬಾರ್ (ಟ್ರ್ಯಾಕ್ಟರಿನ ಹಿಂದೆ ಪಿನ್ನು ಹಾಕುವ ಎಳೆಯುವ ಪಟ್ಟಿ) ಕೊರೆಯಲು ನನಗೆ ಮನಸ್ಸಾಗಲಿಲ್ಲ. ತಮ್ಮನ ಟ್ರ್ಯಾಕ್ಟರಿಗೆ ನಾವೇ ಮಾಡಿದ ಡ್ರಾಬಾರ್ ಇತ್ತು, ಅದಕ್ಕೆ ಹಾಕಿದೆವು. ಅದೂ ಬಾಗಿಲ್ಲ. ತೂತು ಕೊರೆಯುವ ಹಾಗಿದ್ದರೆ ನಾನು ಇದನ್ನೇ ಆರಿಸುತ್ತೇನೆ, ಇಎನ್ 8 ಅಲ್ಲ.

ನಿಜ ಹೇಳಬೇಕೆಂದರೆ ಇವೆಲ್ಲಕ್ಕಿಂತ ಮೊದಲು ಮಾಡಬೇಕಾಗಿದ್ದು ಬೇರೆ. ನನ್ನ ಟ್ಯಾಂಕರಿಗೆ ಇದ್ದದ್ದು ಒಂದೇ ಪ್ಲೇಟು. ಕೆಳಗೆ ಇನ್ನೊಂದು 12 ಎಂಎಂ ಪ್ಲೇಟು ಕೂಡಿಸಿ, ಡ್ರಾಬಾರ್ ನಡುವೆ ಬರುವ ಹಾಗೆ ಮಾಡಿದೆ. ಈಗ ಪಿನ್ನಿಗೆ ಎರಡೂ ತುದಿಯಲ್ಲಿ ಆಸರೆ. ಮೊದಲೇ ಹೊಳೆದಿದ್ದರೆ ಇದ್ದಿಲಾದರೂ ಉಳಿಯುತ್ತಿತ್ತು.

ಇದೆಲ್ಲ ಹೊಲದ ದಾರಿಯ ಮಾತು. ಡಾಂಬರು ರಸ್ತೆಗೆ ಹೋಗುವಾಗ ನಾನು ಕಂಪನಿ ಪಿನ್ನನ್ನೇ ಹಾಕಿ, ಜೊತೆಗೆ ಸೇಫ್ಟಿ ಚೈನು ಕಟ್ಟುತ್ತೇನೆ. ಇಎನ್ 8 ಪಿನ್ನಿಗೆ ಹಿಡಿಕೆ ವೆಲ್ಡ್ ಮಾಡಿಲ್ಲ, ಹಾಗೇ ವೆಲ್ಡ್ ಮಾಡಿದರೆ ಆ ಜಾಗ ಬಿರಿಯುವ ಭಯ. ತಲೆಗೆ ಸಣ್ಣ ತೂತು ಹೊಡೆಸಿ ತಂತಿಯ ಬಳೆ ಹಾಕಿದ್ದೇನೆ.