ಮೊದಲ ಟಾಪ್‌ಗೆ ಯಾವ ಅಳತೆ: ಲೆಕ್ಕದ್ದೋ, ಹಳೆಯದ್ದೋ, ಬಿಚ್ಚಿದ್ದೋ?

ಹೊಲಿಗೆ ಮಿಷನ್ ತುಳಿಯೋದು ಕಲಿಯಲು ನನಗೆ ಹತ್ತು ದಿನ ಸಾಕಾಯಿತು. ಅವ್ವನ ಹಳೆ ಕಪ್ಪು ಕಾಲು ಮಿಷನ್ ಅದು. ಮೊದಮೊದಲು ಚಕ್ರ ಹಿಂದಕ್ಕೆ ತಿರುಗಿ ದಾರ ಹರಿಯುತ್ತಿತ್ತು. ಆಮೇಲೆ ಕಾಲಿಗೆ ತಾನೇ ಲಯ ಸಿಕ್ಕಿತು. ನಿಜವಾದ ಭಯ ಶುರುವಾಗಿದ್ದು ಕತ್ತರಿ ಹಿಡಿದಾಗ. ಹೊಲಿಗೆ ತಪ್ಪಿದರೆ ಬಿಚ್ಚಬಹುದು. ಕತ್ತರಿಸಿದ್ದು ತಪ್ಪಿದರೆ ಬಟ್ಟೆ ಹೋದಂತೆಯೇ.

ಹೊಸಬರೆಲ್ಲ "ಯಾವ ಮಿಷನ್ ತಗೊಳ್ಳಲಿ?" ಎಂದೇ ಕೇಳುತ್ತಾರೆ. ಅಳತೆ ಎಲ್ಲಿಂದ ತೆಗೆಯೋದು ಅಂತ ಯಾರೂ ಕೇಳಲ್ಲ. ಒಂದು ವರ್ಷದಲ್ಲಿ ನಾನು ಮೂರು ದಾರಿ ಹಿಡಿದು ನೋಡಿದೆ. ಟೇಪು ಹಿಡಿದು ಲೆಕ್ಕ ಹಾಕುವುದು ಒಂದು. ಮೈಗೆ ಸರಿ ಕೂರುವ ಹಳೆ ಟಾಪ್ ಮೇಲಿಟ್ಟು ಸುತ್ತ ಗೆರೆ ಎಳೆಯುವುದು ಇನ್ನೊಂದು. ಮೂರನೆಯದು, ಹಳೆ ಬಟ್ಟೆಯ ಹೊಲಿಗೆ ಪೂರಾ ಬಿಚ್ಚಿ ಆ ತುಂಡುಗಳನ್ನೇ ನಮೂನೆ ಮಾಡಿಕೊಳ್ಳುವುದು.

ಲೆಕ್ಕ ಕಲಿತದ್ದು ಹುಬ್ಬಳ್ಳಿ ವಿದ್ಯಾನಗರದ ಒಂದು ಹೊಲಿಗೆ ಕ್ಲಾಸಿನಲ್ಲಿ. ಎದೆ ಸುತ್ತಳತೆ 36 ಇಂಚು ಅಂದರೆ ಕಾಲುಭಾಗ 9. ಸಡಿಲಕ್ಕೆ ಒಂದು ಇಂಚು, ಹೊಲಿಗೆ ಮಾರ್ಜಿನ್‌ಗೆ ಒಂದು ಇಂಚು. ಬಟ್ಟೆ ನಾಲ್ಕು ಪದರ ಮಡಚಿ, ಮಡಿಕೆಯಿಂದ 11ಕ್ಕೆ ಚಾಕ್ ಗುರುತು. ಭುಜ 14 ಇದ್ದರೆ ಅರ್ಧ, 7. ನೋಟ್‌ಬುಕ್ಕಿನಲ್ಲಿ ಎಲ್ಲ ಚೊಕ್ಕ. ಆದರೆ ಎದೆ 36 ಇರುವ ಇಬ್ಬರಲ್ಲಿ ಒಬ್ಬರಿಗೆ ಬೆನ್ನು ಅಗಲ, ಇನ್ನೊಬ್ಬರಿಗೆ ಭುಜ ಇಳಿಜಾರು. ಲೆಕ್ಕಕ್ಕೆ ಇದು ಗೊತ್ತಾಗಲ್ಲ. ಮೇಲಾಗಿ ನನ್ನ ಅಳತೆ ನಾನೇ ತೆಗೆದುಕೊಂಡಿದ್ದೆ. ಬೆನ್ನ ಹಿಂದೆ ಟೇಪು ಜಾರಿದ್ದು ನನಗೆ ಹೇಗೆ ಕಾಣಬೇಕು? ಅಳತೆಯನ್ನು ಇನ್ನೊಬ್ಬರ ಕೈಲೇ ತೆಗೆಸಿ.

ಆ ಲೆಕ್ಕದಲ್ಲಿ ಹೊಲಿದ ಟಾಪ್ ಹಾಕಿಕೊಂಡು ಹೊರಗೆ ಬಂದಾಗ ಪಕ್ಕದ ಮನೆ ಕಾಕೂ ಕೇಳಿದ್ದು ಒಂದೇ ಮಾತು: "ಯಾಕವಾ, ಕೈ ಎತ್ತಾಕ ಬರವಲ್ದೇನ?" ಬರುತ್ತಿರಲಿಲ್ಲ. ಕಂಕುಳು ಬಿಗಿ ಅಂದುಕೊಂಡು ಕೆಳಗೆ ಇನ್ನೂ ಅರ್ಧ ಇಂಚು ಕತ್ತರಿಸಿದೆ. ಇನ್ನೂ ಕೆಟ್ಟಿತು! ಕಂಕುಳ ಕಮಾನು ಕೆಳಗಿಳಿದಷ್ಟೂ, ಕೈ ಎತ್ತಿದರೆ ಇಡೀ ಟಾಪ್ ಮೇಲೇಳುತ್ತದೆ. ಆ ಕಮಾನು ಮೈಗೆ ಹತ್ತಿರ ಇದ್ದರೇ ಕೈ ಹಗುರಾಗಿ ಆಡುವುದು. ಇದು ತಿಳಿಯುವಷ್ಟರಲ್ಲಿ ಆ ಟಾಪ್ ಅವ್ವನ ಕೌದಿಯ ಒಳಪದರ ಸೇರಿತ್ತು.

ಗೆರೆ ಎಳೆಯುವ ದಾರಿ ಬೇಗ ಆಗುತ್ತದೆ, ಒಂದು ಮಧ್ಯಾಹ್ನ ಸಾಕು. ದುರ್ಗದಬೈಲ್ ಪೇಟೆಯಲ್ಲಿ ಎರಡೂವರೆ ಮೀಟರ್ ಕಾಟನ್ ತಂದೆ. ಈ ಸಲ ಬುದ್ಧಿ ಬಂದಿತ್ತು, ಮೊದಲು ನೀರಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಹಾಕಿದೆ. ಹಳೆ ಟಾಪನ್ನು ಉದ್ದಕ್ಕೆ ಅರ್ಧ ಮಡಚಿ, ಮೇಲಿಟ್ಟು ಗೆರೆ ಎಳೆದು, ಸುತ್ತ ಮಾರ್ಜಿನ್ ಬಿಟ್ಟೆ. ಮೊದಲ ಸಲ ಹಾಕಿಕೊಂಡು ಓಡಾಡುವಂಥ ಟಾಪ್ ಆಯಿತು. ಪೂರ್ತಿ ಸರಿ ಅಂತ ಹೇಳಲ್ಲ. ಕಂಕುಳ ಕಮಾನು ಬೆನ್ನಿಗಿಂತ ಮುಂಭಾಗದಲ್ಲಿ ಸ್ವಲ್ಪ ಜಾಸ್ತಿ ಒಳಗೆ ಕೊರೆಯಬೇಕು. ಮಡಚಿಟ್ಟ ಟಾಪ್‌ನಲ್ಲಿ ಆ ವ್ಯತ್ಯಾಸ ಕಾಣಲ್ಲ. ಎರಡೂ ಒಂದೇ ಥರ ಕತ್ತರಿಸಿದೆ, ಎದೆ ಪಕ್ಕ ಬಟ್ಟೆ ಮುದುಡಿ ನಿಂತಿತು. ಹಳೆಯದರ ಕೊರಳು ತೊಟ್ಟು ತೊಟ್ಟು ಜಗ್ಗಿರುತ್ತದಲ್ವಾ, ಹೊಸದಕ್ಕೂ ಅದೇ ಜಗ್ಗಿದ ಕೊರಳು ಬಂತು. ಇನ್ನೊಂದು ಮಾತು. ಎಳೆದರೆ ಹಿಗ್ಗುವ ಬಟ್ಟೆಯ ಟಾಪ್ ನೋಡಿ ಕಾಟನ್ ಕತ್ತರಿಸಬೇಡಿ. ತಲೆಯೇ ತೂರಲ್ಲ.

ಜಂಪರ್‌ಗೆ (ಅಂದರೆ ರವಿಕೆಗೆ) ಮಾತ್ರ ಈ ದಾರಿ ಸುಮ್ನೆ ದಂಡ. ಟಕ್ಸ್, ಅಂದರೆ ಮೈಯ ಆಕಾರಕ್ಕೆ ಮಡಚಿ ಹೊಲಿದ ಮಡಿಕೆ, ಹಿಡಿದ ಬಟ್ಟೆ ನೆಲದ ಮೇಲೆ ಚಪ್ಪಟೆ ಕೂರಲ್ಲ, ಗೆರೆ ಎಲ್ಲಿ ಎಳೀತೀರಿ?

ಅದಕ್ಕೇ ಬಿಚ್ಚಿದೆ. ಬಣ್ಣ ಹೋದ ಹಳೆ ಜಂಪರ್, ಒಂದು ಬ್ಲೇಡು, ಎರಡು ಸಂಜೆ. ಇಷ್ಟು ವರ್ಷ ಮೈಮೇಲೆ ಇದ್ದದ್ದರ ಗುಟ್ಟೆಲ್ಲ ಚಾಪೆ ಮೇಲೆ ಬಿದ್ದಿತ್ತು. ಮುಂದಿನ ಕಮಾನು ಎಷ್ಟು ಒಳಗೆ ಹೋಗಿದೆ, ತೋಳಿಗೂ ಹಿಂದು ಮುಂದು ಬೇರೆ ಬೇರೆ ಬಾಗು ಇದೆ, ಕೊರಳ ಪಟ್ಟಿಯನ್ನು ಓರೆಯಾಗಿ ಕತ್ತರಿಸಿದ್ದಾರೆ, ಟಕ್ಸ್ ಎಲ್ಲಿಂದ ಎಲ್ಲಿಗೆ, ಎಲ್ಲ ಕಾಣಿಸಿತು. ಪಕ್ಕದ ಹೊಲಿಗೆಯೊಳಗೆ ಟೇಲರ್ ಒಂದೂವರೆ ಇಂಚು ಮಾರ್ಜಿನ್ ಬಚ್ಚಿಟ್ಟಿದ್ದರು. ಕ್ಲಾಸಿನ ಫೀ ಕೊಟ್ಟು ಕಲಿತದ್ದಕ್ಕಿಂತ ಜಾಸ್ತಿ ಆ ಚಾಪೆ ಮೇಲೆ ಕಲಿತೆ ಅನಿಸಿತು.

ತುಂಡುಗಳನ್ನು ಎಳೆಯದೆ, ಒತ್ತಿ ಒತ್ತಿ ಇಸ್ತ್ರಿ ಮಾಡಬೇಕು. ಖಾಕಿ ಕಾಗದದ ಮೇಲೆ ಇಟ್ಟು ನಮೂನೆ ತೆಗೆದೆ. (ದಿನಪತ್ರಿಕೆ ಬೇಡ, ಬಿಳಿ ಬಟ್ಟೆಗೆ ಅಚ್ಚಿನ ಮಸಿ ಹತ್ತುತ್ತದೆ.) ಹಾಸು ಎಳೆ (ಬಟ್ಟೆಯ ಉದ್ದಕ್ಕೆ ಓಡುವ ದಾರ; ಅಡ್ಡದ್ದು ಹೊಕ್ಕು) ಯಾವ ಕಡೆ ಓಡುತ್ತದೆ ಎಂದು ಪ್ರತಿ ತುಂಡಿನ ಮೇಲೂ ಬಾಣ ಬರೆದುಕೊಂಡೆ. ಹಾಸು ಹೊಕ್ಕು ಅದಲುಬದಲಾದರೆ ಬಟ್ಟೆ ಬೇರೆ ಥರ ಇಳಿಬೀಳುತ್ತದೆ.

ನನಗೆ ಹೊಲಿಯಬೇಕಿದ್ದದ್ದು ಗುಳೇದಗುಡ್ಡ ಖಣ, ದಡಿ ಇರುವ ರವಿಕೆ ಬಟ್ಟೆ. ಖಣದ ಅಗಲ ಕಡಿಮೆ, ದಡಿಯ ಅಂದ ಬೇರೆ ಉಳಿಸಬೇಕು. ಒಂದು ಕತ್ತರಿ ತಪ್ಪಿದರೆ ಮತ್ತೆ ಹೊಂದಿಸಲು ತುಂಡು ಉಳಿಯಲ್ಲ. ಅದಕ್ಕೆ ಮೊದಲು ಮಂಜರಪಾಟಿನಲ್ಲಿ (ಒರಟು ಹತ್ತಿ ಬಟ್ಟೆ) ಒಂದು ಹೊಲಿದು ತೊಟ್ಟು ನೋಡಿದೆ. ಆಮೇಲೆ ಖಣಕ್ಕೆ ಕೈ ಹಾಕಿದೆ. ಹುಕ್ಕಿನ ಪಟ್ಟಿ ಸ್ವಲ್ಪ ಸೊಟ್ಟ ಬಂತು. ಉಳಿದಂತೆ ಮೈಗೆ ಅಂಟಿದಂತೆ ಕೂತಿತು. ಕಾಕೂ ಒಳಮೈ ತಿರುಗಿಸಿ ನೋಡಿ, "ಹೂಂ, ಪಾಡಾಗೇತಿ" ಅಂದರು. ಅವರಿಂದ ಅಷ್ಟು ಬಂದರೆ ಬಹಳ.

ನನ್ನನ್ನು ಕೇಳಿದರೆ, ಟಕ್ಸ್ ಇಲ್ಲದ ಸಡಿಲ ಟಾಪ್‌ಗೆ ಗೆರೆ ಎಳೆಯಿರಿ. ಜಂಪರ್‌ಗೆ ಬಿಚ್ಚಿರಿ. ಲೆಕ್ಕವನ್ನು ಮೂರನೆಯದಾಗಿ ಕಲಿಯಿರಿ, ಆದರೆ ಬಿಡಬೇಡಿ. ಬಿಚ್ಚಿದ ಜಂಪರ್ ಹೇಳುವುದು ಅದನ್ನು ಹೊಲಿಸಿದ ದಿನದ ಮೈ. ನನ್ನ ಸುತ್ತಳತೆ ಆಮೇಲೆ ಎರಡು ಇಂಚು ಏರಿದೆ. ಎರಡರ ಕಾಲುಭಾಗ ಅರ್ಧ ಇಂಚು. ಅದನ್ನು ನಮೂನೆಯ ಪಕ್ಕಕ್ಕೆ ಸೇರಿಸಬೇಕು ಎಂದು ಹೇಳಿಕೊಟ್ಟದ್ದು ಆ ಕ್ಲಾಸಿನ ನೋಟ್‌ಬುಕ್ಕೇ.