ಮದುವೆ ಜವಳಿಗೆಂದು ಶಿರಸಿಯಲ್ಲಿ ಎರಡು ರಾತ್ರಿ

ತಂಗಿಯ ಮದುವೆ ಜವಳಿ ತೆಗೆಯಲು ಕಾರವಾರದಿಂದ ಹನ್ನೊಂದು ಜನ ಹೋಗಿದ್ದೆವು. ಉಳಿದದ್ದು ಶಿರಸಿ ಪೇಟೆ ನಡುವಿನ ಒಂದು ಹೋಟೆಲಿನಲ್ಲಿ. ಹೆಸರು ಬೇಡ ಬಿಡಿ. ಜಾಗಕ್ಕೆ ಮಾತ್ರ ಪೂರ್ತಿ ಅಂಕ, ಯಾಕಂದ್ರೆ ಸಿ.ಪಿ. ಬಜಾರಿಗೆ ನಡೆದೇ ಹೋಗಬಹುದು, ಸೀರೆ ಚೀಲ ಕೋಣೆಯಲ್ಲಿಟ್ಟು ಚಾ ಕುಡಿದು ಮತ್ತೆ ಬ್ಲೌಸ್ ಬಟ್ಟೆ ಮ್ಯಾಚ್ ಮಾಡಲು ಓಡಬಹುದು, ಹೆಂಗಸರು ಹಾಗೆ ನಾಲ್ಕು ಸಲ ಓಡಿದರು! ಸಂಜೆ ಮಾರಿಕಾಂಬಾ ಗುಡಿಗೂ ಹೋಗಿ ಬಂದೆವು.

ಕೋಣೆ ಸ್ವಚ್ಛ. ಆದರೆ ಅಕ್ಕಪಕ್ಕ ನಾಲ್ಕು ಕೋಣೆ ಕೊಡುತ್ತೇವೆ ಎಂದು ಫೋನಿನಲ್ಲಿ ಹೇಳಿದವರು ಕೊಟ್ಟದ್ದು ಎರಡು ಮೊದಲ ಮಹಡಿಯಲ್ಲಿ, ಎರಡು ಮೂರನೆಯದರಲ್ಲಿ. ಲಿಫ್ಟ್ ಕೆಟ್ಟಿತ್ತು. ಮೊಣಕಾಲು ನೋವಿನ ಅಜ್ಜಿಯನ್ನು ಮೇಲೆ ಹತ್ತಿಸುವುದು ಹೇಗೆ? ಅರ್ಧ ಗಂಟೆ ಜಗಳದ ಮೇಲೆ ಕೆಳಗಿನ ಕೋಣೆ ಸಿಕ್ಕಿತು. ಬಿಸಿನೀರು ಬೆಳಿಗ್ಗೆ ಎಂಟರವರೆಗೆ ಮಾತ್ರ, ಹನ್ನೊಂದು ಜನಕ್ಕೆ ಅದು ಸಾಲುತ್ತದಾ?

ತಿಂಡಿ ಸುಮ್ನೆ ಹೊರಗೇ ಮಾಡಿ. ಬನ್ಸ್, ತೆಳ್ಳೇವು (ನಮ್ಮ ಕಡೆಯ ತೆಳು ದೋಸೆ) ಎಲ್ಲಾದರೂ ಸಿಗುತ್ತದೆ. ವಾಪಸ್ ಹೊರಡುವಾಗ ಕಾಗದದಷ್ಟು ತೆಳ್ಳಗಿನ ಸಿಹಿತಿಂಡಿ ತೊಡೆದೇವು ಕೊಂಡರೆ ಬ್ಯಾಗಿನ ಮೇಲೆಯೇ ಇಡಿ, ನಮ್ಮದು ಘಟ್ಟ ಇಳಿಯುವಷ್ಟರಲ್ಲಿ ಪುಡಿಪುಡಿ.